ಕವುಚಿ ಹಾಕಿದ ದೋಣಿ

ಸೆಪ್ಟೆಂಬರ್ 22, ಭಾನುವಾರ

ಪಾಠ ಬರೆದುಕೊಳ್ಳಲು ವೀಣಾ ಅಕ್ಕ ಎಲ್ಲರಿಗೂ ಒಂದೊಂದು ಪುಸ್ತಕ ಕೊಟ್ಟರು. ಅಲ್ಲಿ ಬರೆಯಲು ನನ್ನಿಂದ ಆಗಲಿಲ್ಲ. ಐದನೇ ಕ್ಲಾಸು ಬಿಟ್ಟ ಮೇಲೆ ಹೆಸರು ಬರೆದದ್ದು ಬಿಟ್ಟರೆ ಹೆಚ್ಚೇನೂ ಬರೆದಿಲ್ಲ. ಪಕ್ಕದಲ್ಲಿ ಯಾರಾದರೂ ಇಣುಕಿದರೆ ಅಕ್ಷರವೇ ಮರೆತುಹೋಗುತ್ತದೆ. ಅದಕ್ಕೆ ಮನೆಗೆ ಬಂದು ಬರೆಯುತ್ತಿದ್ದೇನೆ.

ವೀಣಾ ಅಕ್ಕ ಹೊನ್ನಾವರದಲ್ಲಿ ನರ್ಸ್. ರಜೆಯ ದಿನ ಕುಮಟಾದಿಂದ ಭಟ್ಕಳದ ತನಕ ಸಮುದ್ರದ ಬದಿಯ ಊರುಗಳಿಗೆ ಹೋಗಿ, ಆಂಬುಲೆನ್ಸ್ ಬರುವ ಮುಂಚೆ ನಾವೇ ಏನು ಮಾಡಬಹುದು ಎಂದು ಕಲಿಸುತ್ತಾರೆ. ನಮ್ಮ ಬೆಳಕೆಯಲ್ಲಿ ಎಂಟು ಜನ ಹೆಸರು ಕೊಟ್ಟಿದ್ದೇವೆ. ನನ್ನ ಹೆಸರು ಕೊಟ್ಟದ್ದು ಅಮ್ಮ. ಆಟೋ ಓಡಿಸುವ ರೂಪೇಶ ಬಂದು, ಇಬ್ಬರಾದರೂ ಹೆಂಗಸರು ಬೇಕಂತೆ ಎಂದ. "ನಮ್ಮ ಸುಚಿತಾ ಬರ್ತಾಳೆ ಬಿಡು. ನಾಲ್ಕು ಜನರ ಮಧ್ಯೆ ಕೂತ್ರೆ ಬಾಯಾದ್ರೂ ತೆರೀತದೆ" ಎಂದಳು ಅಮ್ಮ.

ಬಲೆ ಇಡುವ ಶೆಡ್ಡಿನಲ್ಲಿ ಕ್ಲಾಸು. ವೀಣಾ ಅಕ್ಕ ಚೀಲದಿಂದ ರಬ್ಬರಿನ ಗೊಂಬೆ ತೆಗೆದರು. ಸೊಂಟದ ಕೆಳಗೆ ಏನೂ ಇಲ್ಲ. "ಕಾಲೇ ಇಲ್ವಲ್ಲ ಅಕ್ಕ, ಓಡಿಹೋಗೂ ಹೆದ್ರಿಕೆ ಇಲ್ಲ" ಎಂದಳು ನನ್ನ ಜೊತೆ ಹೆಸರು ಕೊಟ್ಟ ಉಮಾ. ಎಲ್ಲರೂ ನಕ್ಕರು.

ಆಮೇಲೆ ಅಕ್ಕ ಕೇಳಿದರು: "ನೀರಿಗೆ ಬಿದ್ದವರನ್ನ ಮೇಲೆ ತಂದ್ರಿ. ಉಸಿರಿಲ್ಲ. ಮೊದ್ಲು ಎಂತ ಮಾಡ್ತ್ರಿ?"

ಎಲ್ಲರೂ ಒಂದೇ ಬಾಯಲ್ಲಿ, "ದೇವಪ್ಪಜ್ಜನ್ನ ಕರೀತೇವೆ" ಎಂದರು.

"ಅವರ್ಯಾರು?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ರೂಪೇಶನೇ ಹೇಳಿದ: "ಇವಳ ಅಜ್ಜ. ಅಪ್ಪನ ಅಪ್ಪ. ಸಣ್ಣ ದೋಣಿ ಕವುಚಿ ಹಾಕಿ, ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗ್ಸಿ, ಬೆನ್ನು ಒತ್ತಿ ನೀರು ಕಕ್ಕಿಸ್ತಾರೆ. ನಲವತ್ತು ವರ್ಷದಿಂದ ಅವರೇ."

ವೀಣಾ ಅಕ್ಕ ನಗಲಿಲ್ಲ, ಬೈಯಲೂ ಇಲ್ಲ. ಬರುವ ನೀರು ಹೆಚ್ಚಾಗಿ ಹೊಟ್ಟೆಯದು, ಅದನ್ನು ತೆಗೆದರೆ ಉಸಿರು ಬರುವುದಿಲ್ಲ ಎಂದರು. ಹಾಗೆ ಮಾಡಿ ಬದುಕಿದವರು ಸ್ವಂತ ಉಸಿರಿನಿಂದ ಬದುಕಿದವರು. ಉಸಿರು ನಿಂತವರಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಗಾಳಿ ಮತ್ತು ಎದೆ ಒತ್ತುವುದು. "ದೋಣಿ ಕವುಚ್ಲಿಕ್ಕೆ ಹೋದ ಹೊತ್ತು ತಿರುಗಿ ಬರೂದಿಲ್ಲ" ಎಂದರು.

ಮನೆಗೆ ಬಂದಾಗ ಅಜ್ಜ ಜಗಲಿಯ ಮೇಲೆ ಬಲೆ ಹೊಲಿಯುತ್ತಿದ್ದ. "ಎಂತ ಕಲ್ಸಿದ್ರು ಮಗಾ?"

"ಗಾಯಕ್ಕೆ ಬಟ್ಟೆ ಕಟ್ಟೂದು" ಎಂದೆ. ಅದನ್ನು ಇನ್ನೂ ಕಲಿಸಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಮೀನು ಮಾರಲು ಹೆಬಳೆಗೆ ಹೋದೆ. ಅಮ್ಮನ ಮಂಡಿ ನೋವು ಇಳಿಯುವ ತನಕ ಬುಟ್ಟಿ ನನ್ನದು. ಅಮ್ಮ ಕೂಗಿದರೆ ನಾಲ್ಕನೇ ಮನೆಯವರೂ ಪಾತ್ರೆ ಹಿಡಿದು ಹೊರಗೆ ಬರುತ್ತಾರೆ. ನಾನು ಗೇಟಿನ ಹತ್ತಿರ ನಿಂತು ಕೆಮ್ಮುತ್ತೇನೆ. ಒಂದು ಮನೆಯ ಮುದುಕಿ ಇವತ್ತು, "ಬಂದ್ಯಾ ಕೆಮ್ಮಿನ ಹುಡುಗಿ? ಮೊದ್ಲು ಡಾಕ್ಟರಿಗೆ ತೋರ್ಸು" ಎಂದು ಆರು ಬಂಗಡೆ ತೆಗೆದುಕೊಂಡಳು. ಅರ್ಧ ಬುಟ್ಟಿ ತಿರುಗಿ ಬಂತು.

ಸೆಪ್ಟೆಂಬರ್ 29, ಭಾನುವಾರ

ಎದೆ ಒತ್ತುವುದು ಕಲಿತೆವು. ಎರಡು ಅಂಗೈ ಒಂದರ ಮೇಲೊಂದು, ಮೊಣಕೈ ಬಾಗಬಾರದು. ಮೂವತ್ತು ಸಲ ಒತ್ತಿ ಎರಡು ಸಲ ಉಸಿರು. ಮುಳುಗಿದವರಿಗಾದರೆ ಮೊದಲು ಉಸಿರು, ಆಮೇಲೆ ಒತ್ತುವುದು.

ನಾನು ಬಾಯೊಳಗೇ "ಲಾಭ, ಎರಡು, ಮೂರು" ಎಂದು ಎಣಿಸುತ್ತಿದ್ದೆ. ಮೀನು ಎಣಿಸುವಾಗ ಅಮ್ಮ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾಳೆ. ಅದೇ ಬಾಯಿಗೆ ಬರುತ್ತದೆ. ವೀಣಾ ಅಕ್ಕ ಗಡಿಯಾರ ನೋಡಿ, "ಇವಳ ಕೈ ಸರಿಯಾಗಿ ಓಡ್ತದೆ, ಬೇರೆಯವರದ್ದು ಸೊಪ್ಪು ಜಜ್ಜಿದ ಹಾಗೆ" ಎಂದರು. ಮೂವತ್ತಕ್ಕೆ ನಿಲ್ಲಿಸಲು ಮಾತ್ರ ಮರೆತೆ. ಮೀನು ಎಣಿಸುವಾಗ ನಾವು ನೂರಾದ ಮೇಲೇ ನಿಲ್ಲಿಸುವುದು.

ಆಮೇಲೆ ಗಟ್ಟಿಯಾಗಿ ಹೇಳುವುದನ್ನು ಕಲಿಸಿದರು. ಯಾರಾದರೂ ಆಂಬುಲೆನ್ಸ್ ಕರೆಯಿರಿ ಎಂದರೆ ಯಾರೂ ಕರೆಯುವುದಿಲ್ಲವಂತೆ. ಒಬ್ಬರ ಕಡೆ ಬೆರಳು ತೋರಿಸಿ, ನೀನು 108ಕ್ಕೆ ಫೋನ್ ಮಾಡು ಎನ್ನಬೇಕು. ನನ್ನ ಸರದಿ ಬಂದಾಗ ಬೆರಳು ಎತ್ತಿದೆ, ಮಾತು ಬರಲಿಲ್ಲ.

"ಇವಳು ಮನಸಲ್ಲೇ ಫೋನ್ ಹಚ್ತಾಳೆ ಅಕ್ಕ. ಆಂಬುಲೆನ್ಸೂ ಕನಸಲ್ಲೇ ಬತ್ತದೆ" ಎಂದ ರೂಪೇಶ.

ಅಕ್ಟೋಬರ್ 2, ಬುಧವಾರ

ಬರೆಯಬಾರದು ಎಂದುಕೊಂಡಿದ್ದೆ.

ಅಪ್ಪ ಹೋದದ್ದು ಎಂಟು ವರ್ಷದ ಹಿಂದೆ, ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿದಾಗ. ನನಗೆ ಹದಿನಾಲ್ಕು. ದಡಕ್ಕೆ ತಂದಾಗ ಅಜ್ಜ ಅಲ್ಲೇ ಇದ್ದ. ಯಾರನ್ನೂ ಹತ್ತಿರ ಬರಲು ಬಿಡಲಿಲ್ಲ. ತನ್ನ ಮಗನನ್ನು ತಾನೇ ಎತ್ತಿ ಕವುಚಿದ ದೋಣಿಯ ಮೇಲೆ ಹಾಕಿದ. ನಾನು ಹೆಂಗಸರ ಹಿಂದೆ ನಿಂತಿದ್ದೆ. ಅಜ್ಜ ಬೆನ್ನು ಒತ್ತಿದಾಗಲೆಲ್ಲ ಅಪ್ಪನ ಕೈ ದೋಣಿಯ ಬದಿಯಲ್ಲಿ ಅಲ್ಲಾಡುತ್ತಿತ್ತು. ಎದ್ದರು ಎಂದೇ ನಾನು ಎಣಿಸಿದ್ದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಕೊನೆಗೆ ಅಜ್ಜ, "ನೀರೆಲ್ಲ ತೆಗ್ದೆ. ಇನ್ನು ನನ್ನ ಕೈಲಿಲ್ಲ" ಎಂದ.

ಅವತ್ತಿನಿಂದ ಅಜ್ಜ ಸಮುದ್ರಕ್ಕೆ ಹೋಗಿಲ್ಲ. ಆದರೆ ಯಾರಾದರೂ ಮುಳುಗಿದರೆ ಓಡಿ ಹೋಗುತ್ತಾನೆ. ಒಟ್ಟು ಹನ್ನೊಂದು ಜನರನ್ನು ದೋಣಿಯ ಮೇಲೆ ಹಾಕಿದ್ದಾನೆ. ಅದರಲ್ಲಿ ನಾಲ್ಕು ಜನ ಬದುಕಿದ್ದಾರೆ. ಹಬ್ಬಕ್ಕೆ ಬಂದು ಕಾಲಿಗೆ ಬೀಳುತ್ತಾರೆ.

ಅಕ್ಟೋಬರ್ 13, ಭಾನುವಾರ

ಇವತ್ತು ಮೊದಲ ಕೆಲಸ. ಮೀನು ಆರಿಸುತ್ತಿದ್ದ ಗಾಯತ್ರಿ ಚಿಕ್ಕಿ ತೊರಕೆ ಮೀನು ತುಳಿದಳು. ಬಾಲದ ಮುಳ್ಳು ಪಾದಕ್ಕೆ ಚುಚ್ಚಿ ರಕ್ತ ಬಂತು, ಚಿಕ್ಕಿ ಊರು ಕೇಳುವ ಹಾಗೆ ಕಿರುಚಿದಳು. ರೂಪೇಶ ವೀಣಾ ಅಕ್ಕ ಕೊಟ್ಟ ಔಷಧಿ ಪೆಟ್ಟಿಗೆ ತಂದ. ಗಾಯ ತೊಳೆದು, ಚಹಾ ಅಂಗಡಿಯಿಂದ ಬಿಸಿನೀರು ತರಿಸಿ, ಬಿಸಿ ತಾಳುತ್ತದೆಯೇ ಎಂದು ನನ್ನ ಕೈ ಅದ್ದಿ ನೋಡಿ, ಅವಳ ಪಾದ ಬಕೆಟಿನಲ್ಲಿ ಇಡಿಸಿದೆ.

"ಅಯ್ಯಯ್ಯೋ, ಕಾಲು ಬೇಯಿಸ್ತಾಳಲ್ಲೇ ಇವಳು! ಮಸಾಲೆ ಅರ್ದು ತನ್ನಿ ಯಾರಾದ್ರೂ!"

"ಸುಮ್ನಿರು ಚಿಕ್ಕಿ, ಕಾಲು ತೆಗೀಬೇಡ."

ಅರ್ಧ ಗಂಟೆಯಲ್ಲಿ ಉರಿ ಇಳಿಯಿತು. ಚಿಕ್ಕಿ ಬಕೆಟಿನಲ್ಲಿ ಕಾಲಿಟ್ಟುಕೊಂಡೇ ಎರಡು ಚಹಾ ಕುಡಿದಳು. ಆಮೇಲೆ ರೂಪೇಶ ಅವಳನ್ನು ಇಂಜೆಕ್ಷನ್ ಹಾಕಿಸಲು ಕರೆದುಕೊಂಡು ಹೋದ.

ಅಜ್ಜ ಎಲ್ಲ ನೋಡುತ್ತಿದ್ದ. ಮನೆಗೆ ಬರುವಾಗ ಖುಷಿಯಲ್ಲಿದ್ದ. "ಬಿಸಿನೀರು ನನ್ನ ಅಬ್ಬೆಯೂ ಹಾಕ್ತಿದ್ಲು. ಇವ್ರು ಹೇಳೂದು ಸುಳ್ಳಲ್ಲ" ಎಂದ. ಸ್ವಲ್ಪ ದೂರ ನಡೆದ ಮೇಲೆ, "ಮುಳುಗಿದವ್ರಿಗೆ ಎಂತ ಮಾಡ್ಬೇಕು ಹೇಳ್ತಾರೆ?" ಎಂದು ಕೇಳಿದ.

"ಆ ಪಾಠ ಇನ್ನೂ ಬರ್ಲಿಲ್ಲ ಅಜ್ಜ."

"ಬಂದಾಗ ನನ್ನ ಕರೀಲಿಕ್ಕೆ ಹೇಳು. ದೋಣಿ ಹೆಂಗೆ ಕವುಚೂದು, ತಲೆ ಯಾವ ಬದಿಗೆ ಇಡೂದು, ನಾ ತೋರಿಸ್ತೆ. ಪೇಟೆಯವ್ರಿಗೆ ಅದೆಲ್ಲ ಗೊತ್ತಿರೂದಿಲ್ಲ ಪಾಪ."

ಅಕ್ಟೋಬರ್ 16, ಬುಧವಾರ

ಅಜ್ಜ ದೋಣಿಯ ಮೇಲೆ ಹಾಕುವುದು ತಪ್ಪಂತೆ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಮೀನು ಕೊಯ್ಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ನಾನು ಹೇಳಿ ಮುಗಿಸಿದ ಮೇಲೂ ಮೂರು ಮೀನು ಕೊಯ್ದಳು.

"ನೀ ಅವ್ರಿಗೆ ಹೇಳ್ಬೇಡ. ನನ್ನ ಕೈಲಾದ್ದೆಲ್ಲ ಮಾಡ್ದೆ ಅಂತ ಒಂದು ಮಾತಿನ ಮೇಲೆ ಆ ಮುದುಕ ನಿಂತಿದ್ದು. ಅದನ್ನೂ ತೆಗ್ದ್ರೆ ಎಂತ ಉಳೀತದೆ?"

ಸಂಜೆ ವೀಣಾ ಅಕ್ಕನಿಗೆ ಫೋನ್ ಮಾಡಿದೆ. ಅಪ್ಪನ ವಿಷಯ ಅವರಿಗೆ ಗೊತ್ತಿರಲಿಲ್ಲ. ಎಲ್ಲ ಹೇಳಿದೆ. ಆಮೇಲೆ, "ಹೇಳೂದು ಬಿಡೂದು ನಿನ್ನ ಮನೆ ಮಾತು ತಂಗೀ. ನಾನು ಒತ್ತಾಯ ಮಾಡೂದಿಲ್ಲ. ಆದ್ರೆ ನಾಳೆ ಮತ್ತೊಬ್ಬ ಬಿದ್ರೆ ಜನ ಕರೆಯೂದು ಅವ್ರನ್ನೇ ಅಲ್ದಾ?" ಎಂದರು.

ಇಬ್ಬರ ಮಾತೂ ಸರಿ.

ಅಕ್ಟೋಬರ್ 20, ಭಾನುವಾರ

ಹೇಳಲಿಲ್ಲ.

ನವೆಂಬರ್ 5, ಮಂಗಳವಾರ

ಇವತ್ತು ಹೇಳೋಣ ಎಂದು ಜಗಲಿಯಲ್ಲಿ ಕೂತೆ. ಅಜ್ಜ ನನ್ನ ಬುಟ್ಟಿಯ ಅಂಚು ಹರಿದಿದೆ ಎಂದು ಅದನ್ನು ಕಟ್ಟಲು ಶುರು ಮಾಡಿದ. ಹೇಳಲಿಲ್ಲ.

ಹೆಬಳೆಯಲ್ಲಿ ಒಂಬತ್ತು ಗಂಟೆಯೊಳಗೆ ಬುಟ್ಟಿ ಖಾಲಿ. ಗಂಟಲು ಸ್ವಲ್ಪ ಕೆರೆಯುತ್ತಿದೆ, ಬಿಸಿನೀರು ಕುಡಿದೆ. ಕೆಮ್ಮಿನ ಹುಡುಗಿ ಎನ್ನುತ್ತಿದ್ದ ಮುದುಕಿ, "ಮೆಲ್ಲಗೆ ಕೂಗು ಮಾರಾಯ್ತಿ, ಮೊಮ್ಮಗು ಏಳ್ತದೆ" ಎಂದು ಗದರಿದಳು.

ನವೆಂಬರ್ 14, ಗುರುವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು. ವೀಣಾ ಅಕ್ಕ, ಏನು ನಡೆದರೂ ಕ್ರಮವಾಗಿ ಬರೆದಿಡು ಎಂದಿದ್ದಾರೆ.

ಬೆಳಿಗ್ಗೆ ಏಳೂವರೆ ಇರಬಹುದು. ರಂಪಣಿ ಬಲೆ ಬಿಟ್ಟಿದ್ದರು. ದಡದಲ್ಲಿ ಎರಡೂ ಬದಿ ಜನ ಹಗ್ಗ ಎಳೆಯುತ್ತಿದ್ದರು. ನಾನು ಬುಟ್ಟಿ ಹಿಡಿದು ಕಾಯುತ್ತಿದ್ದೆ. ದೋಣಿಯಲ್ಲಿದ್ದ ನಾಗಣ್ಣ ಅಲೆಗೆ ದೋಣಿ ವಾಲಿ ನೀರಿಗೆ ಬಿದ್ದ. ಕಾಲಿಗೆ ಹಗ್ಗ ಸುತ್ತಿಕೊಂಡಿತ್ತು. ಬಿಡಿಸಿ ತರುವ ಹೊತ್ತಿಗೆ ಮೈ ಜೋತುಬಿದ್ದಿತ್ತು.

ಯಾರೋ ಅಜ್ಜನನ್ನು ಕರೆಯಲು ಓಡಿದರು. ಯಾರೂ ಹೇಳುವ ಮೊದಲೇ ನಾಲ್ಕು ಜನ ಸಣ್ಣ ದೋಣಿ ಕವುಚಿ ಹಾಕಿ, ನಾಗಣ್ಣನನ್ನು ಅದರ ಮೇಲೆ ಎತ್ತಿ ಹಾಕಿದರು.

ಮರಳ ಮೇಲೆ ಇಳಿಸಿ ಎಂದೆ. ಯಾರೂ ಇಳಿಸಲಿಲ್ಲ. ಮತ್ತೊಮ್ಮೆ ಎಂದೆ.

"ಬದಿಗೆ ಸರಿಯೇ ಹೆಣ್ಣೇ. ಅಜ್ಜ ಬಂದ್ರು, ಅಜ್ಜ ಬಂದ್ರು."

ಅಜ್ಜ ಏದುಸಿರು ಬಿಡುತ್ತ ಬಂದ. ಜನ ದಾರಿ ಬಿಟ್ಟರು. ಬಂದವನೇ ನಾಗಣ್ಣನ ಬೆನ್ನ ಮೇಲೆ ಎರಡೂ ಕೈ ಇಟ್ಟ. ನಾನು ಅಜ್ಜನ ಮಣಿಕಟ್ಟು ಹಿಡಿದೆ.

"ಅಜ್ಜ, ಇದು ತಪ್ಪು. ಹಿಂಗೆ ಮಾಡಿದ್ರೆ ಸಾಯ್ತಾನೆ."

ಹೇಳಿದ ಮೇಲೆ ನಾನು ಏನು ಹೇಳಿದೆ ಎಂದು ನನಗೇ ಗೊತ್ತಾಯಿತು. ಅಜ್ಜ ನನ್ನ ಮುಖ ನೋಡಿದ. 

"ಖರೆಯಾ?" ಎಂದ.

"ಖರೆ."

ಅಜ್ಜ ಕೈ ತೆಗೆದ. "ಇಳ್ಸ್ರೋ" ಎಂದ.

ಇಳಿಸಿದರು. ಹೆಸರು ಹಿಡಿದು ಕರೆದು ಭುಜ ತಟ್ಟಿದೆ, ಉತ್ತರ ಇಲ್ಲ. ಎದೆ ಏಳುತ್ತಿರಲಿಲ್ಲ. ಹಗ್ಗ ಎಳೆಯುತ್ತಿದ್ದ ದೇವರಾಜನಿಗೆ ಬೆರಳು ತೋರಿಸಿ ನೀನು 108ಕ್ಕೆ ಫೋನ್ ಮಾಡು ಎಂದೆ, ಅವನು ಮಾಡಿದ. ರೂಪೇಶ ಪೆಟ್ಟಿಗೆಗೆ ಓಡಿದ. ಬಾಯಿಗೆ ಇಟ್ಟು ಊದುವ ಮುಖವಾಡ ಅದರಲ್ಲಿದೆ, ಪೆಟ್ಟಿಗೆ ರಸ್ತೆಯ ಮೇಲೆ ಆಟೋದಲ್ಲಿತ್ತು. ಅವನು ಬರುವ ತನಕ ನಾನೇ ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟೆ. ಉಪ್ಪು, ಮರಳು, ಬೀಡಿಯ ವಾಸನೆ. ಆಮೇಲೆ ಒತ್ತಲು ಶುರು ಮಾಡಿದೆ. ಮೂವತ್ತಕ್ಕೆ ನಿಲ್ಲಿಸಿದೆ. ರೂಪೇಶ ಬಂದು ಉಸಿರಿನ ಕೆಲಸ ತೆಗೆದುಕೊಂಡ. ಎಷ್ಟು ಸುತ್ತು ಎಂದು ಎಣಿಸಲಿಲ್ಲ. ಮಧ್ಯೆ ನಾಗಣ್ಣನ ಬಾಯಲ್ಲಿ ನೀರು, ಗಂಜಿ ಬಂತು. ಮಗ್ಗುಲಿಗೆ ತಿರುಗಿಸಿ ಎಂದೆ. ತಿರುಗಿಸಿ ಬಾಯಿ ಒರೆಸಿದ್ದು ಅಜ್ಜ. ತನ್ನ ಹೆಗಲ ಮೇಲಿನ ಟವೆಲಿನಿಂದ ಒರೆಸಿದ. ಮತ್ತೆ ಮಲಗಿಸಿ ಒತ್ತಿದೆ.

ನಾಗಣ್ಣ ಒಮ್ಮೆ ಎಳೆದು ಉಸಿರು ತೆಗೆದ. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ಕೆಮ್ಮಿದ. ಮಗ್ಗುಲಿಗೆ ಮಲಗಿಸಿ ಒಣ ಬಟ್ಟೆ ಹೊದಿಸಿದೆವು. ಆಂಬುಲೆನ್ಸ್ ಇಪ್ಪತ್ತೈದು ನಿಮಿಷಕ್ಕೆ ಬಂತು.

ಬುಟ್ಟಿ ಎಲ್ಲಿಟ್ಟೆ ಎಂದು ನೆನಪಾಗಲಿಲ್ಲ. ಉಮಾ ತಂದುಕೊಟ್ಟಳು. ತೋಳು ಎತ್ತಲು ಆಗುತ್ತಿಲ್ಲ. ರಸ್ತೆಯ ತನಕ ನನ್ನ ಮಾತು ಕೇಳುತ್ತಿತ್ತು ಎನ್ನುತ್ತಾನೆ ರೂಪೇಶ. ಅವನದು ಯಾವಾಗಲೂ ಒಂದಕ್ಕೆ ಎರಡು.

ನವೆಂಬರ್ 15, ಶುಕ್ರವಾರ

ನಾಗಣ್ಣ ಆಸ್ಪತ್ರೆಯಲ್ಲಿ ಮಾತಾಡಿದನಂತೆ. ಮೊದಲು ಕೇಳಿದ್ದು, ಬಲೆಗೆ ಎಷ್ಟು ಮೀನು ಬಿತ್ತು ಎಂದು.

ಬೆಳಿಗ್ಗೆಯಿಂದ ಜನ ಮನೆಗೆ ಬರುತ್ತಿದ್ದಾರೆ. "ದೇವಪ್ಪಜ್ಜನ ಮೊಮ್ಮಗಳು ಅಲ್ದಾ, ಕೈಗುಣ ಎಲ್ಲಿಗೆ ಹೋಗ್ತದೆ" ಎನ್ನುತ್ತಾರೆ. ಅಜ್ಜನಿಗೆ ಐದನೆಯವನು ಬದುಕಿದ ಎಂದು ಲೆಕ್ಕ ಹಾಕುತ್ತಾರೆ. ಅಜ್ಜ ಎದ್ದು ಹಿತ್ತಲಿಗೆ ಹೋದ. ಮಧ್ಯಾಹ್ನ ಊಟ ಮಾಡಲಿಲ್ಲ.

ಬಾಯಿಗೆ ಬಾಯಿ ಇಟ್ಟದ್ದಕ್ಕೆ ಹಿಂದಿನ ಕೇರಿಯಲ್ಲಿ ಏನೋ ಮಾತು ಬಂದಿದೆಯಂತೆ. ಅಮ್ಮ, "ಇನ್ನು ಸಂಬಂಧ ಕೇಳಿ ಬಂದವ್ರಿಗೆ ಎಂತ ಹೇಳೂದು?" ಎಂದು ಬೆಳಿಗ್ಗೆ ಒಮ್ಮೆ ಗೊಣಗಿದಳು. ಸಂಜೆ ನಾಗಣ್ಣನ ಹೆಂಡತಿ ಸೀತಕ್ಕ ಬಂದಳು.  ನನ್ನ ಎರಡೂ ಕೈ ಹಿಡಿದು ತನ್ನ ಕೆನ್ನೆಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತು ಹೋದಳು. ಅಮ್ಮ ಆಮೇಲೆ ಗೊಣಗಲಿಲ್ಲ.

ನವೆಂಬರ್ 17, ಭಾನುವಾರ

ಬೆಳಿಗ್ಗೆ ಚಹಾ ಕೊಟ್ಟಾಗ ಅಜ್ಜ, "ಕೂರು" ಎಂದ. ಎರಡು ದಿನದಿಂದ ಬಲೆ ಮುಟ್ಟಿರಲಿಲ್ಲ.

"ನಿನ್ನಪ್ಪನ ಮೈ ಬೆಚ್ಚಗಿತ್ತು" ಎಂದ. "ಎತ್ತಿ ಹಾಕುವಾಗ ನನ್ನ ಎದೆಗೆ ತಾಗಿತ್ತು. ಬೆಚ್ಚಗಿತ್ತು."

ನಾನು ಚಹಾದ ಲೋಟ ಅವನ ಹತ್ತಿರ ಸರಿಸಿದೆ.

"ನೀ ನಾಗನಿಗೆ ಮಾಡಿದ ಹಂಗೆ ಅವತ್ತು ಮಾಡಿದ್ರೆ, ಅವ ಏಳ್ತಿದ್ನಾ?"

ಇಲ್ಲ ಅಜ್ಜ ಎನ್ನಲು ಬಾಯಿ ತೆರೆದೆ. ಆ ಮಾತು ಅಜ್ಜನಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದರೆ ನನ್ನ ಹತ್ತಿರ ಕೇಳುತ್ತಿರಲಿಲ್ಲ, ಊರಿನವರ ಹತ್ತಿರ ಕೇಳುತ್ತಿದ್ದ.

"ಗೊತ್ತಿಲ್ಲ ಅಜ್ಜ. ಏಳ್ತಿದ್ರೋ ಏನೋ. ಏಳ್ತಿರ್ಲಿಲ್ವೋ ಏನೋ. ನೀರಲ್ಲಿ ಎಷ್ಟು ಹೊತ್ತು ಇದ್ರು ಅಂತ ಯಾರಿಗೂ ಗೊತ್ತಿಲ್ಲ."

 ಚಹಾ ಆರಿ ಕೆನೆ ಕಟ್ಟಿತು. ಒಳಗೆ ಅಮ್ಮನ ಪಾತ್ರೆಯ ಶಬ್ದ ನಿಂತಿತ್ತು.

"ಇದು ನಿಂಗೆ ಯಾವಾಗ ಗೊತ್ತಾತು?"

"ಮೊದಲ್ನೇ ಕ್ಲಾಸಲ್ಲೇ."

ಅಜ್ಜ ಬೆರಳು ಮಡಚಿ ಎಣಿಸಿದ. "ಎಂಟು ವಾರ ಒಬ್ಬಳೇ ಹೊತ್ಕೊಂಡಿದ್ಯಾ ಮಗಾ" ಎಂದ. ಬೈಯುತ್ತಾನೆ ಎಂದುಕೊಂಡಿದ್ದೆ. ನನ್ನ ತಲೆಯ ಮೇಲೆ, ಬುಟ್ಟಿ ಇಡುವ ಜಾಗದಲ್ಲಿ ಕೈ ಇಟ್ಟ.  ಆಮೇಲೆ ಆರಿದ ಚಹಾವನ್ನೇ ಕುಡಿದ.

ಮಧ್ಯಾಹ್ನ ಕ್ಲಾಸಿಗೆ ಅಜ್ಜನೂ ಬಂದ. ಯಾರೂ ಕರೆದಿರಲಿಲ್ಲ. ಗೊಂಬೆಯ ಮುಂದೆ ಮಂಡಿ ಊರಿ ಕೂತು ಒತ್ತಿದ. ಎಪ್ಪತ್ತೆರಡು ವರ್ಷದ ಕೈ, ಹತ್ತಕ್ಕೇ ಸೋತಿತು. ವೀಣಾ ಅಕ್ಕ ಸಾಕು ಎಂದರೂ ಬಿಡಲಿಲ್ಲ. ಮೂವತ್ತು ಮುಗಿಸಿಯೇ ಎದ್ದ.

ನವೆಂಬರ್ 20, ಬುಧವಾರ

ಅಮ್ಮ ಮತ್ತು ಅಜ್ಜ ಇಬ್ಬರೇ ಹಿತ್ತಲಲ್ಲಿ ಕೂತು ಮಾತಾಡಿದರು. ನಾನು ಹೋಗಲಿಲ್ಲ. ಒಳಗೆ ಬಂದಾಗ ಅಮ್ಮನ ಕಣ್ಣು ಕೆಂಪಾಗಿತ್ತು. ಅಜ್ಜನಿಗೆ ಎರಡು ಮೀನು ಹೆಚ್ಚು ಬಡಿಸಿದಳು.

ನವೆಂಬರ್ 24, ಭಾನುವಾರ

ಅಳ್ವೆಕೋಡಿಯಲ್ಲಿ ಹೊಸ ಕ್ಲಾಸು. ನಾವು ಬೆಳಕೆಯವರು ಹೋಗಿ ತೋರಿಸಬೇಕು ಎಂದು ವೀಣಾ ಅಕ್ಕ ಹೇಳಿದ್ದರು. ಹೊರಡುವಾಗ ಅಜ್ಜ ಒಗೆದ ಅಂಗಿ ಹಾಕಿಕೊಂಡು ಆಟೋದಲ್ಲಿ ಕೂತಿದ್ದ. "ನಾ ಹೇಳಿದ್ರೆ ಅವ್ರು ಕೇಳ್ತಾರೆ. ನೀ ಹೇಳಿದ್ರೆ, ಈ ಹುಡುಗಿಗೆ ಎಂತ ಗೊತ್ತು ಅಂತಾರೆ" ಎಂದ.

ನಲವತ್ತು ಜನ ಇದ್ದರು, ಹೆಚ್ಚಿನವರು ಗಂಡಸರು. ತೆಂಗಿನ ಮರದ ಕೆಳಗೆ ಹಿಂದೆ ಹಿಂದೆ ನಿಂತಿದ್ದರು. ಅಜ್ಜನನ್ನು ಕಂಡು ಕೈ ಮುಗಿದರು. ನಾಲ್ಕು ಊರಿನವರಿಗೂ ಅಜ್ಜ ಗೊತ್ತು. ಒಬ್ಬರು, "ಅಜ್ಜ ಇರುವಾಗ ಈ ರಬ್ಬರ್ ಗೊಂಬೆ ಎಂತಕ್ಕೆ?" ಎಂದರು.

ಅಜ್ಜ ಎದ್ದು ನಿಂತ.

"ನಾ ಹನ್ನೊಂದು ಜನರನ್ನ ದೋಣಿ ಮೇಲೆ ಹಾಕ್ದೆ. ನಾಲ್ಕು ಜನ ಬದುಕಿದ್ರು. ನಾ ಬದುಕ್ಸಿದ್ದು ಅಂತ ನೀವು ಹೇಳಿದ್ರಿ, ನಾನೂ ಹೌದು ಅಂದೆ. ಅವ್ರಿಗೆ ಉಸಿರು ಇತ್ತು, ಅದಕ್ಕೆ ಬದುಕಿದ್ರು. ಉಸಿರು ಇಲ್ಲದ ಏಳು ಜನರಿಗೆ ನಾ ಮಾಡಿದ್ದು ತಪ್ಪು. ಗೊತ್ತಿಲ್ಲದೆ ಮಾಡ್ದೆ, ಆದ್ರೂ ತಪ್ಪೇ. ಆ ಏಳರಲ್ಲಿ ಒಬ್ಬ ನನ್ನ ಮಗ."

 ಹಿಂದೆ ನಿಂತಿದ್ದ ಒಬ್ಬರು ಮುದುಕರು, ಬೊಮ್ಮಣ್ಣ ಎಂದು ಹೆಸರು, ಮೆಲ್ಲಗೆ ಕೇಳಿದರು: "ಹಂಗಾದ್ರೆ ನಾವು ನಮ್ಮ ತಮ್ಮನ್ನ..." ಅಷ್ಟಕ್ಕೇ ನಿಂತರು. ಅವರ ಪಕ್ಕದವರು ತಲೆ ತಗ್ಗಿಸಿದರು. ಇನ್ನೊಬ್ಬರು ಸಮುದ್ರದ ಕಡೆ ತಿರುಗಿದರು. ಪ್ರತಿ ಮನೆಯಲ್ಲೂ ಮುಳುಗಿ ಹೋದವರು ಒಬ್ಬರಿದ್ದಾರೆ.

"ಅದನ್ನೆಲ್ಲ ಮನೆಗೆ ಹೋಗಿ ಎಣ್ಸಿ ಬೊಮ್ಮಣ್ಣ. ನಾನೂ ಎಣಿಸ್ತಾ ಇದ್ದೆ, ಮುಗಿಯೂದಿಲ್ಲ" ಎಂದ ಅಜ್ಜ. "ಈಗ ಇವಳು ಹೇಳೂದು ಕೇಳಿ."

ಹಾಗೆ ಹೇಳಿ ಅಜ್ಜ ಮರಳ ಮೇಲೆ ಕೂತ.

ನಾನು ಗೊಂಬೆಯನ್ನು ಚೀಲದಿಂದ ತೆಗೆದು ಚಾಪೆಯ ಮೇಲೆ ಇಟ್ಟೆ. ಅಷ್ಟು ದೂರದಿಂದ ಕೈ ಇಡುವ ಜಾಗ ಯಾರಿಗೂ ಕಾಣುತ್ತಿರಲಿಲ್ಲ. ಎಲ್ಲರೂ ಮುಂದೆ ಬಂದು ಸುತ್ತ ಕೂರಿ ಎಂದೆ.

ಬಂದು ಕೂತರು.